ಏಳನೇ ನಂಬರಿನ ಜೋಡಿ

ನಮ್ಮಜ್ಜ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳೂದರಾಗ ಎಂಥಾ ಶಾಣ್ಯಾ ಇದ್ದ ಅಂದ್ರ, ಮನಿಗೆ ಬಂದ ಬೀಗರು ಸುದ್ದಾ ಅವನ ಮುಂದ ಬಾಯಿ ಬಿಚ್ಚಿ ನಗಾಕ ಹೆದರತಿದ್ರು. ನವಲಗುಂದ ಸುತ್ತಿನ ಹಳ್ಳಿಯವರಂತೂ ಆತು, ಅತ್ತ ಬಮ್ಮಿಗಟ್ಟಿಯಿಂದ, ಇತ್ತ ಕುಂದಗೋಳದಿಂದ ಮಂದಿ ಎರಡೆರಡು ಬಸ್ಸು ಬದಲಿ ಮಾಡಿ ಬಂದು, "ಅಜ್ಜಾರ, ದನದ ಸಂತಿಗೆ ಒಂದೀಟು ಬರ್ರಿ" ಅಂತ ನಮ್ಮ ಕಟ್ಟಿಮ್ಯಾಲ ಕುಂಡ್ರತಿದ್ರು. ಅಜ್ಜ ಹೋಗಾಂವ. ಎತ್ತಿನ ಹೆಗಲ ಮ್ಯಾಲ ಕೈಯಾಡಸಾಂವ, ಸುಳಿ ನೋಡಾಂವ, ಬಾಯಾಗ ಕೈ ಹಾಕಾಂವ. ಮಾರಾಂವ ಎತ್ತು ನಡಿಸಿ ತೋರಸಾಕ ಹೋದ್ರ, "ನೆಟ್ಟಗ ನಡಿಸಬ್ಯಾಡೋ, ನೆಟ್ಟಗ ಹೋಗಾಕ ಹೋತ ಸುದ್ದಾ ಹೋಗತೈತಿ. ತಿರುಗಿಸಿ ತೋರಸು" ಅನ್ನಾಂವ. ಸಾಲಿನ ಕಡೀಗೆ ಹೋಗಿ ಸಣ್ಣ ಜಾಗಾದಾಗ ತಿರುಗದ ಎತ್ತು ಎತ್ತ ಅಲ್ಲ ಅಂತ ಅವನ ಮಾತು.

ನಾ ನವಲಗುಂದದಾಗ ಪಿಯುಸಿ ಎರಡನೇ ವರ್ಷ ಓದೂ ಹೊತ್ತಿಗೆ ಕಟ್ಟಿಮ್ಯಾಲ ಕುಂಡ್ರಾವ್ರು ಕಡಿಮಿ ಆಗಿದ್ರು. ಎಂಬತ್ತನೇ ಇಸವಿ ನಂತರ ಊರಾಗ ಟ್ರ್ಯಾಕ್ಟರ್ ಬರಾಕ ಹತ್ತಿದ್ವು. ಅಜ್ಜನ ಕಣ್ಣಾಗ ಪೊರಿ ಬಂದಿತ್ತು. ನಮ್ಮಪ್ಪ ಒಂದ ದಿನ ಅಜ್ಜಗ ಒಂದ ಮಾತೂ ಕೇಳದ ಕೆಂಪ ಟ್ರ್ಯಾಕ್ಟರ್ ತಂದು ಅಂಗಳದಾಗ ನಿಲ್ಲಿಸಿದ. ಅಜ್ಜ ಕೋಲು ಊರಕೋತ ಬಂದು ಅದರ ಸುತ್ತ ಒಂದ ಸುತ್ತು ಹಾಕಿದ.

"ಇದಕ ಹಲ್ಲೆಷ್ಟು ಅದಾವೋ?"

"ಹಲ್ಲ ಎಲ್ಲಿವು ಯಪ್ಪಾ, ಗೇರ್ ಇರತಾವು."

"ಹಲ್ಲಿಲ್ಲಾ? ಹಂಗಾರ ಮುದಕ ಐತಿ. ಮೋಸ ಹೋಗೀ ಬಿಡು" ಅಂದು ಒಳಗ ಹೋದ. ಅಪ್ಪಗ ಎಂಟ ದಿನ ಮಾರಿ ಇಲ್ಲದಂಗ ಆಗಿತ್ತು. ನಮ್ಮವ್ವ ಸೆರಗು ಬಾಯಾಗ ತುರಕೊಂಡು ಅಡಗಿ ಮನ್ಯಾಗ ನಕ್ಕು ನಕ್ಕು ಸಾಕಾದ್ಲು.

ಕೊಟ್ಟಿಗ್ಯಾಗ ಒಂದ ಜೋಡಿ ಉಳಿದಿತ್ತು. ಬಿಳೇ ಎತ್ತು, ಅಜ್ಜ ತಾನ ಆರಿಸಿ ತಂದಾವು. ಅಪ್ಪ ಊಟಕ್ಕ ಕುಂತಾಗೊಮ್ಮೆ, "ಟ್ರ್ಯಾಕ್ಟರ್ ಬಂದ ಮ್ಯಾಲ ಕುಂತು ತಿನ್ನೂ ಎತ್ತು ಯಾಕ ಬೇಕು, ಮಾರೂಣು" ಅಂತ ತಗೀತಿದ್ದ. "ನಾನೂ ಕುಂತ ತಿನ್ನತೇನಿ, ನನ್ನೂ ಸಂತಿಗೆ ಹೊಡಕೊಂಡು ನಡಿ" ಅಂತ ಅಜ್ಜ ಅನ್ನಾಂವ. ಅಲ್ಲಿಗೆ ರೊಟ್ಟಿ ಮುಗೀತಿತ್ತು, ಮಾತು ಮುಗೀತಿದ್ದಿಲ್ಲ.

ಆ ದೀಪಾವಳಿಗೆ ನಮ್ಮ ಕಾಕಾ, ಅಂದ್ರ ಅಪ್ಪನ ತಮ್ಮ, ಮುಂಬೈಯಿಂದ ಬಂದ. ಅಂವ ಬಂದರದಾಗ ಗುಮಾಸ್ತ. ಪರದೇಶದ ಖಲಾಸಿ ಒಬ್ಬ ಹೋಗೂ ಮುಂದ ಕೊಟ್ಟನಂತ ಹೇಳಿ ಒಂದ ರಟ್ಟಿನ ಡಬ್ಬಿ ತಂದಿದ್ದ. ಒಳಗ ನೋಡಿದ್ರ ಹಾಸಗಿಯಷ್ಟ ದೊಡ್ಡ ಕರೇ ಕಾಗದ, ಅದರ ತುಂಬ ಆರ ಮೂಲಿ ಮನಿಗಳು, ನಡುವ ಚುಕ್ಕಿ. ಎರಡು ದಾಳ. ಒಂದ ನಿಯಮದ ಪುಸ್ತಕ. ಆಕಾಶದಾಗ ಹಡಗಗೋಳು ಹೊಡೆದಾಡೂ ಆಟ ಅದು. ಖರೇ, ಡಬ್ಬ್ಯಾಗ ಹಡಗ ಒಂದೂ ಇದ್ದಿಲ್ಲ.

"ಹಡಗ ಬ್ಯಾರೆ ಕೊಳ್ಳಬೇಕವ್ವಾ" ಅಂದ ಕಾಕಾ. "ಸೀಸದಲೆ ಮಾಡಿದ ಹೆಬ್ಬಟ್ಟಿನಷ್ಟು ಹಡಗ. ಮುಂಬೈದಾಗ ಒಂದ ಅಂಗಡ್ಯಾಗ ಅದಾವು."

"ಪಲ್ಲಂಗ ಮಾರಿ ಕಾಲು ಬ್ಯಾರೆ ಮಾರಾವ್ರು ಯಾರಪಾ ಇವ್ರು" ಅಂತ ಅವ್ವ ಗಲ್ಲದ ಮ್ಯಾಲ ಕೈ ಇಟಗೊಂಡ್ಲು.

ಆಟ ಆಡಾವ್ರು ಇಬ್ಬರು. ಒಬ್ಬಾಕಿ ನಾನು, ಇನ್ನೊಬ್ಬ ಹುಬ್ಬಳ್ಳಿಯೊಳಗ ಇಂಜಿನಿಯರಿಂಗ್ ಕಲಿಯಾಕ ಹೋಗಿ ಮೂರ ತಿಂಗಳಿಗೇ ಪ್ಯಾಂಟಿನ ಕಿಸೇದಾಗ ಕೈ ಹಾಕ್ಕೊಂಡು ನಿಲ್ಲಾಕ ಕಲಿತಿದ್ದ ನಮ್ಮಣ್ಣ. ಒಬ್ಬೊಬ್ಬರಿಗೆ ನೂರು ಅಂಕ. ಅಷ್ಟರಾಗ ಯಾವ ಹಡಗ ಬೇಕೋ ಆರಿಸಿ ಕೊಳ್ಳಬೇಕು. ಪುಸ್ತಕದ ಹಿಂದಿನ ಹಾಳ್ಯಾಗ ಹನ್ನೆರಡು ಹಡಗದ ಚಿತ್ರ, ನಂಬರು, ಯಾವುದಕ್ಕ ಎಷ್ಟು ಅಂಕ, ಎಷ್ಟ ಮನಿ ಓಡತೈತಿ, ಎಷ್ಟ ಬಲ, ಎಲ್ಲಾ ಬರದಿತ್ತು. "ಆರಿಸಿ ಕಾಗದ ಬರೀರಿ, ನಾ ಕೊಂಡು ಸಂಕ್ರಾಂತಿಗೆ ಕಳಸತೇನಿ" ಅಂತ ಹೇಳಿ ಕಾಕಾ ಹೋದ.

ಅಣ್ಣ ಪುಸ್ತಕ ನೋಡಿದ್ದು ಎರಡ ನಿಮಿಷ. ಹನ್ನೆರಡನೇ ನಂಬರು, ಎಲ್ಲಾಕಿಂತ ದೊಡ್ಡದು, ಪೂರಾ ನೂರು ಅಂಕದ್ದು, ಮೈತುಂಬ ತೋಪು. "ಇದೊಂದ ಸಾಕು. ನೀ ಏನ್ ತಂದ್ರೂ ಪುಡಿ ಮಾಡತೇನಿ" ಅಂತ ಹೇಳಿ ತಲಿ ಬಾಚಿಕೊಳ್ಳಾಕ ಹೋದ.

ನನಗ ಸಿಟ್ಟು ಮೂಗಿನ ತುದಿಮ್ಯಾಲ. ಪುಸ್ತಕ ಹಿಡಕೊಂಡು ಹೊರಗ ಬಂದು ಕಟ್ಟಿಮ್ಯಾಲ ಅಣ್ಣನ್ನ ಬೈಕೋತ ಕುಂತಿದ್ದೆ. ಅಲ್ಲೇ ಕುಂತಿದ್ದ ಅಜ್ಜ, "ಏನಬೇ ಅದು, ಯಾರಿಗೆ ಮಂಗಳಾರತಿ?" ಅಂದ. ಹೇಳಿದೆ. ಎಲ್ಲಾ ಕೇಳಿದ. ಅಂವಗ ಆಕಾಶ ಏನ್, ತೋಪೇನ್, ಯಾವುದೂ ವಿಚಿತ್ರ ಅನ್ನಸಲಿಲ್ಲ. "ಹನ್ನೆರಡರಾಗ ಆರಸೂದಲ್ಲಾ? ಒಂದೊಂದ ತಂದು ನನ್ನ ಮುಂದ ನಿಲ್ಲಸು" ಅಂದ.

ಒಂದೊಂದ ಓದಿ ಹೇಳಾಕ ಸುರು ಮಾಡಿದೆ. ಅಜ್ಜ ಕಣ್ಣು ಮುಚ್ಚಿ ಕೇಳಾಂವ. "ಎಷ್ಟ ಜೋರ ಓಡತೈತಿ ಅನ್ನೂದ ಬಿಡು. ತಿರುಗೂದ ಹೆಂಗ ಹೇಳು." ಅಣ್ಣನ ಹನ್ನೆರಡನೇ ನಂಬರು ಒಮ್ಮೆ ತಿರುಗಬೇಕಂದ್ರ ಐದ ಮನಿ ನೆಟ್ಟಗ ಹೋಗಬೇಕಿತ್ತು. ಅಜ್ಜ ನಕ್ಕು ಹೊಟ್ಟಿ ಹಿಡಕೊಂಡ. "ತಿರುಗೂದರಾಗ ಬಾಜೂದವರ ಹೊಲದಾಗ ಹೋಗಿರತೈತಿ! ಮತ್ತ ಒಂಟಿ ಎತ್ತು. ಒಂಟಿ ಎತ್ತು ಕಟಗೊಂಡು ಯಾವ ಭೂಮಿ ಉತ್ತಾನಂತ ನಿಮ್ಮಣ್ಣ?"

ಏಳನೇ ನಂಬರಿಗೆ ಬಂದಾಗ ಅಜ್ಜ ನೆಟ್ಟಗ ಕುಂತ. ಐವತ್ತು ಅಂಕ. ಓಟ ಸಾಧಾರಣ. ತೋಪು ಸಣ್ಣಾವು. ಮೈ ಅಗದಿ ಗಟ್ಟಿ. ಒಂದ ಮನಿ ಹೋದ್ರ ಸಾಕು, ಬೇಕಾದ ಕಡೆ ತಿರುಗತೈತಿ. "ಇದನ್ನ ಮತ್ತೊಮ್ಮೆ ಓದು" ಅಂದ. ಮೂರ ಸಲ ಓದಿಸಿದ. ಅಷ್ಟರಾಗ ತಲಿ ಬಾಚಿಕೊಂಡು ಅಣ್ಣ ಬಂದು ಬಾಗಲಿಗೆ ನಿಂತ. ವೈರಿ ಮುಂದ ಬಾಯಿಲೆ ಹೇಳಾಕ ಆಗತೈತೇನು? ಅಜ್ಜ ಹೆಗಲ ಮ್ಯಾಲಿನ ಟವೆಲ್ ತಗದು ನನ್ನ ಕೈಮ್ಯಾಲ ಹಾಕಿದ. ಸಂತ್ಯಾಗ ದಲಾಲರು ಟವೆಲಿನ ಒಳಗ ಬೆರಳು ಹಿಡದು ವ್ಯಾಪಾರ ಮಾಡತಾರಲ್ಲ, ಹಂಗ. ಮೊದಲ ಐದೂ ಬೆರಳು ಒತ್ತಿದ, ಬಿಟ್ಟು ಮತ್ತ ಎರಡು ಒತ್ತಿದ. ಏಳು. ಆಮ್ಯಾಲ ಎರಡು ಬೆರಳು ಕೂಡಿಸಿ ಹಿಡದು ಅಲ್ಲಾಡಿಸಿದ. ಏಳನೇ ನಂಬರಿನಾವು ಎರಡು, ಜೋಡಿ. ನನಗ ತಿಳೀತು. ತಿಳೀಲಿಲ್ಲ ಅಂತ ಸುಳ್ಳು ಹೇಳಂಗಿಲ್ಲ ನಾನು.

ಖರೇ, ಆ ಏಳನೇ ನಂಬರಿನ ಚಿತ್ರ ನೋಡಿದ್ರ ಆರಸಾಕ ಮನಸ್ಸ ಬರತಿದ್ದಿಲ್ಲ. ಗಿಡ್ಡ, ದುಂಡಗ, ನಮ್ಮ ಹಿತ್ತಲದಾಗಿನ ಖಾರ ಕುಟ್ಟೂ ಒಳ್ಳು ಇದ್ದಂಗ. ಅದರ ಬಾಜೂ ಹಾಳ್ಯಾಗ ಹನ್ನೊಂದನೇ ನಂಬರು ಇತ್ತು ನೋಡ್ರಿ. ತೆಳ್ಳಗ, ಉದ್ದ ರೆಕ್ಕಿ, ಎಂಟ ಮನಿ ಓಟ. ಅರವತ್ತು ಅಂಕ. ಉಳಿದ ನಲವತ್ತಕ್ಕ ಮೂರನೇ ನಂಬರಿನ ಒಂದು ಸಣ್ಣ ಹಡಗ ಬರತಿತ್ತು. ಅದರ ಓಟ ಎರಡ ಮನಿ. ಇರಲಿ ಬಿಡು, ಹನ್ನೊಂದು ಐತಲ್ಲಾ ಅನಿಸ್ತು. ಅಜ್ಜಗ ಕಣ್ಣು ಕಾಣೂದಿಲ್ಲ, ಪಾಪ, ಎತ್ತಿಗೂ ಹಡಗಕ್ಕೂ ಫರಕ್ ಗೊತ್ತಿಲ್ಲ, ನಾ ಸೈನ್ಸ್ ಓದಾಕಿ. ಕಾಗದದಾಗ ಹನ್ನೊಂದು ಒಂದು, ಮೂರು ಒಂದು ಅಂತ ಬರದು, ನಾಲಗಿಲೆ ಹಸಿ ಮಾಡಿ ಅಂಟಿಸಿ, ಟಪಾಲ ಡಬ್ಬ್ಯಾಗ ಹಾಕಿ ಬಂದೆ.

ಎಂಟ ದಿನದ ಮ್ಯಾಲ ಊಟಕ್ಕ ಕುಂತಾಗ ಅಪ್ಪ ಮತ್ತ ಎತ್ತಿನ ಮಾತು ತಗದ. ಅಣ್ಣ ಬಾಯಿ ಸುಮ್ಮನ ಇಡಬೇಕಿಲ್ಲೋ? "ಅಜ್ಜ ತಂಗಿಗೆ ಹಡಗ ಆರಿಸಿ ಕೊಟ್ಟಾನಂತ! ಹಲ್ಲ ನೋಡಿದ್ದಿ ಇಲ್ಲೋ ಅಜ್ಜಾ?" ಅಂದ. ಅಪ್ಪ ನಕ್ಕ. ಆ ನಗಿ ಅಜ್ಜಗ ನಾಟಿತು. ಕೈ ತೊಳಕೊಂಡ ಎದ್ದು ನಿಂತು ಹೇಳಿದ: "ಹಂಗಾರ ಕೇಳು. ನಾ ಆರಿಸಿದ ಜೋಡಿ ಆ ಆಟದಾಗ ಸೋತ್ರ, ನನ್ನ ಕಣ್ಣ ಮುಗೀತು ಅಂತ ತಿಳಿ. ಎತ್ತು ಮಾರು, ನಾ ತುಟಿ ಬಿಚ್ಚಂಗಿಲ್ಲ. ಗೆದ್ರ, ನಾ ಇರೂತನಕ ಎತ್ತಿನ ಸುದ್ದಿ ತಗೀಬ್ಯಾಡ."

"ಆತು" ಅಂದ ಅಪ್ಪ. ಅವ್ವ ಸಾಕ್ಷಿ.

ಅಜ್ಜ ಆರಿಸಿದ ಜೋಡಿ ನಾ ಎಲ್ಲಿ ಬರದಿದ್ದೆ? ಮರುದಿನ ಓಡಿ ಹೋಗಿ ಕಾಕಾಗ ಕಾರ್ಡ್ ಬರದೆ: ಅದು ಬ್ಯಾಡ, ಏಳನೇ ನಂಬರ ಎರಡು ತಗೋ, ನಿನ್ನ ಕಾಲಿಗೆ ಬೀಳತೇನಿ. ಅಲ್ಲಿಂದ ಉತ್ತರ ಬಂತು: "ಕೊಂಡು ಆಗೈತಿ ತಂಗೀ. ಹನ್ನೊಂದನೇದ್ದು ಭಾಳ ಚಂದ ಐತಿ, ಖುಷಿ ಪಡತೀ." ಚಂದ ಐತಂತ! ಮಾಡಿದ್ದುಣ್ಣೋ ಮಹರಾಯ ಅಂದಂಗ ಆತು ನನ್ನ ಪಾಡು.

ಸಂಕ್ರಾಂತಿಗೆ ಪಾರ್ಸಲ್ ಬಂತು. ಮಧ್ಯಾಹ್ನ ಪಡಸಾಲ್ಯಾಗ ನವಲಗುಂದದ ಜಮಖಾನ ಹಾಸಿ, ಅದರ ಮ್ಯಾಲ ಕರೇ ಕಾಗದ ಬಿಚ್ಚಿ, ನಾಕೂ ಮೂಲಿಗೆ ತಂಬಿಗಿ ಇಟ್ಟಿವಿ. ಅಪ್ಪ ಮೊಣಕಾಲ ಮಡಚಿ ಕುಂತ. ಅಣ್ಣ ತನ್ನ ಹನ್ನೆರಡನೇ ನಂಬರು ಹೊರಗ ತಗದ. ಬದನಿಕಾಯಷ್ಟ ಇತ್ತು. ಅಜ್ಜ ನನ್ನ ಕಡೆ ಕೈ ಚಾಚಿ, "ನಮ್ಮ ಜೋಡಿ ಕೊಡಬೇ" ಅಂದ.

ಕೊಟ್ಟೆ. ಅಂಗೈಮ್ಯಾಲ ಇಟಗೊಂಡು ಹೆಬ್ಬಟ್ಟಿಲೆ ಸವರಿದ. ಒಂದರ ರೆಕ್ಕಿ ಮುಟ್ಟಿದ. ಇನ್ನೊಂದಕ್ಕ ರೆಕ್ಕಿ ಹುಡುಕಿದ, ಇದ್ದಿಲ್ಲ. ಮತ್ತೊಮ್ಮೆ ಮುಟ್ಟಿದ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡಂಗ, ನಾ ಯಾರೂ ಕೇಳದ, "ಹೂಂ ಅಜ್ಜಾ, ಅವ, ನೀ ಹೇಳಿದ್ದ ಅವು" ಅಂದೆ. ಅಜ್ಜ ನನ್ನ ಕಡೆ ಮಾರಿ ತಿರುಗಿಸಿದ. ಆ ಪೊರಿ ಬಂದ ಕಣ್ಣಿಗೆ ನಾ ಎಷ್ಟ ಕಂಡ್ನೋ ಗೊತ್ತಿಲ್ಲ. "ಛಲೋ ಅದಾವ. ಆಟ ಹೂಡ್ರಿ" ಅಂದ.

ಏನ ಹೇಳಲಿ ಆ ಆಟದ ಸುದ್ದಿ. ನನ್ನ ಹನ್ನೊಂದನೇದ್ದು ಒಂದ ಏಟಿಗೆ ಎಂಟ ಮನಿ ಹಾರಿ ಅಣ್ಣನ ತೋಪಿನ ಬಾಯಾಗ ಹೋಗಿ ನಿಂತಿತು. ಮೂರನೇದ್ದು ಹಿಂದ ಎರಡೆರಡು ಮನಿ ತೆವಳಿಕೋತ ಬರಾಕತ್ತಿತ್ತು. "ಬಿಡಬ್ಯಾಡ, ಜೋಡಿ ಬಿಡಬ್ಯಾಡ!" ಅಂತ ಅಜ್ಜ ಒದರತಾನ. ಒಂದು ಹಿಡಿತಕ್ಕ ಸಿಗವಲ್ದು, ಇನ್ನೊಂದು ಏಳವಲ್ದು. "ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು" ಅಂತ ಅವ್ವ ಲೊಚಗುಟ್ಟಿದ್ಲು. ಅಣ್ಣ ಬಾಯಿಲೆ ಢಂ ಢಂ ಅಂತ ತೋಪು ಹಾರಿಸಿಕೋತ, ಜಮಖಾನಕ್ಕೆಲ್ಲಾ ಉಗುಳು ಸಿಡಿಸಿಕೋತ, ಮೊದಲ ರೆಕ್ಕೀದನ್ನ, ಆಮ್ಯಾಲ ಸಣ್ಣದ್ದನ್ನ ಮುಗಿಸಿದ. ನಾ ಹಾಕಿದ ದಾಳ ಒಂದೂ ನೆಟ್ಟಗ ಬೀಳಲಿಲ್ಲ. ಎಳ್ಳು ಬೆಲ್ಲ ಹಂಚೂದ ಮುಗಿಯೂದರಾಗ ಆಟ ಮುಗೀತು.

ಎಲ್ಲಾರೂ ಅಜ್ಜನ ಮಾರಿ ನೋಡಿದ್ರು. ನಾ ಮಾತ್ರ ನೆಲ ನೋಡಿದೆ. ಅಜ್ಜ ಕೋಲು ಹಿಡದು ಎದ್ದ. "ನನ್ನ ಕಣ್ಣ ತಪ್ಪಿತು. ಎತ್ತ ಮಾರ" ಅಂದ. ಅಂವ ಹುಟ್ಟಿದ ಮ್ಯಾಲ ಆ ಮಾತು ಯಾರೂ ಅವನ ಬಾಯಾಗ ಕೇಳಿದ್ದಿಲ್ಲ. ಗೆದ್ದ ಅಪ್ಪನೂ ನಗಲಿಲ್ಲ. ಅಣ್ಣ ಕಿಸೇದಾಗಿನ ಕೈ ಹೊರಗ ತಗದ.

ಬಮ್ಮಿಗಟ್ಟಿ ಕಡೆಯವ ಒಬ್ಬ ಕೊಳ್ಳಾಕ ಬಂದ. ಅಜ್ಜ ಅವನ್ನ ಬಿಟ್ಟನೇನು? ಅಂಗೈ ಮುಟ್ಟಿ ನೋಡಿದ, ನೇಗಿಲ ಹಿಡದ ಕೈ ಹೌದೋ ಅಲ್ಲೋ ಅಂತ. ಅಂಗಳದಾಗ ನಾಕ ಹೆಜ್ಜಿ ನಡಿಸಿದ, ತಿರುಗಿಸಿದ. ಬಾಯಿ ತಗೀ ಅಂತಾನೇನೋ ಅಂತ ಆ ಮನಶಾ ಪಾಪ ಮೊದಲ ತುಟಿ ಬಿಗಿ ಹಿಡಕೊಂಡಿದ್ದ. "ಹೂಂ, ಹೊಡಕೊಂಡ ಹೋಗ" ಅಂತ ಅಜ್ಜ ಅಂದ ಮ್ಯಾಲನ ಹಗ್ಗ ಕೈಯಾಗ ಹೋತು.

ನನಗ ತಡಕೊಳ್ಳಾಕ ಆಗಲಿಲ್ಲ. ಎತ್ತು ಹೋದ ಮ್ಯಾಲ ಅಜ್ಜ ಖಾಲಿ ಗ್ವಾದಲಿ ಮುಂದ ಕುಂತು, ಎತ್ತು ತಿಂದು ಉಳಿಸಿದ ಮೇವಿನ ಕಣಿಕಿ ಒಂದೊಂದ ಆರಿಸಿ ಬಾಜೂಕ ಇಡಾಕತ್ತಿದ್ದ. ಹೋಗಿ ಕಾಲ ಹಿಡಕೊಂಡು ಅತ್ತೆ. "ನಾ ಬ್ಯಾರೆ ಬರದಿದ್ದೆ ಅಜ್ಜಾ. ನಿನ್ನ ಕಣ್ಣ ತಪ್ಪಿಲ್ಲ. ಈಗ ಹೋಗಿ ಅಪ್ಪಗ ಹೇಳತೇನಿ."

"ಕುಂಡ್ರ ಸುಮ್ಮನ" ಅಂದ. "ಅಂಗೈಯಾಗ ಇಟ್ಟ ಕೂಡ್ಲೆ ಗೊತ್ತಾತು. ಒಂದ ಕುದರಿ, ಒಂದ ಕತ್ತೆ. ಅಂಥಾ ಜೋಡಿ ನಾ ಆರಿಸೇನು?"

"ಮತ್ತ ಆವಾಗ ಯಾಕ ಹೇಳಲಿಲ್ಲ?"

ಅಜ್ಜ ಇನ್ನೊಂದ ಕಣಿಕಿ ಬಾಜೂಕ ಇಟ್ಟ. "ನಿಮ್ಮಪ್ಪ ಆ ಬಮ್ಮಿಗಟ್ಟಿಯವಗ ದೀಪಾವಳಿಗಿಂತ ಮೊದಲ ಮಾತ ಕೊಟ್ಟಾನ. ಪಣ ಕಟ್ಟಿದ ಮ್ಯಾಲ ಅದು ನನ್ನ ಕಿವಿಗೂ ಬಿತ್ತು. ಊರಾಗ ಎಲ್ಲಾರಿಗೂ ಗೊತ್ತೈತಿ, ನನಗೊಬ್ಬಗ ಗೊತ್ತಿಲ್ಲ ಅಂತ ತಿಳಕೊಂಡಾರ. ಗೆದ್ದಿದ್ರ ಅಂವ ಮಾತಿಗೆ ತಪ್ಪಬೇಕಾಗತಿತ್ತು, ಇಲ್ಲಾಂದ್ರ ನನಗ ಕೊಟ್ಟ ಮಾತು ಮುರೀಬೇಕಾಗತಿತ್ತು. ಮಗನ ಕೈಲೆ ಸೋಲೂದಕಿಂತ ಮೊಮ್ಮಗಳ ಕೈಲೆ ಸೋತದ್ದು ಛಲೋ ಅಲ್ಲೇನಬೇ?"

ಅಜ್ಜ ಹಂಗಂದ ಅಂತ ನನ್ನ ಸಂಕಟ ಕಡಿಮಿ ಆಗಲಿಲ್ಲ. ಹೆಚ್ಚಾತು. ಅವತ್ತ ಕಾಕಾಗ ಮತ್ತ ಕಾಗದ ಬರದೆ, ಏಳನೇ ನಂಬರಿನಾವು ಎರಡು ತರಲಾರದ ಊರ ಹೊಗಬ್ಯಾಡ ಅಂತ.

ಕಾರಹುಣ್ಣಿವಿಗೆ ಕಾಕಾ ತಂದ. ಆ ದಿನ ಊರಾಗ ಎಲ್ಲಾರೂ ತಮ್ಮ ತಮ್ಮ ಎತ್ತಿನ ಕೋಡಿಗೆ ಬಣ್ಣ ಹಚ್ಚಾಕತ್ತಿದ್ರು. ನಮ್ಮ ಕೊಟ್ಟಿಗಿ ಖಾಲಿ. ಅಜ್ಜ ಎರಡೂ ಗಿಡ್ಡ ಹಡಗ ಅಂಗೈಮ್ಯಾಲ ಇಟಗೊಂಡು ಹೆಬ್ಬಟ್ಟಿಲೆ ಸವರಿ, "ಹಾಂ. ಇವು ನೋಡು ಎತ್ತು" ಅಂದ. ಮತ್ತ ಜಮಖಾನ ಹಾಸಿದಿವಿ. ಅಜ್ಜ ಬಾಜೂಕ ಕುಂತು ಹೇಳಿದಂಗ ನಾ ಸರಿಸಿದೆ. ಒಂದ ಎಡಕ್ಕ, ಒಂದ ಬಲಕ್ಕ. ಅಣ್ಣನ ಬದನಿಕಾಯಿ ಎಡದ್ದರ ಬೆನ್ನ ಹತ್ತಿದ್ರ ಬಲದ್ದು ಹಿಂದಿನಿಂದ ಹೊಡಿಯೂದು, ಬಲದ್ದರ ಕಡೆ ತಿರುಗಬೇಕಂದ್ರ ಐದ ಮನಿ ನೆಟ್ಟಗ. ತಿರುಗಾಕ ಜಾಗಾ ಹುಡುಕಿಕೋತ ತಿರುಗಾಕ ಆಗದ ಅದು ಕರೇ ಕಾಗದದ ದಂಡಿಗೆ ಬಂತು. ದಂಡಿ ದಾಟಿದ ಹಡಗ ಸತ್ತಂಗ ಅಂತ ಪುಸ್ತಕದಾಗ ಬರದಿತ್ತು. ಹನ್ನೆರಡನೇ ನಂಬರು ಎಲ್ಲಾ ತೋಪು ಸಮೇತ ಕಾಗದ ದಾಟಿ ಜಮಖಾನದ ಮ್ಯಾಲ ಹಾಯ್ದು ಅಪ್ಪನ ಮೊಣಕಾಲಿಗೆ ಬಡೀತು.

"ಬಾಜೂದವರ ಹೊಲ!" ಅಂತ ನಾ ಚೀರಿದೆ. ಕಾಕಾ ಉಳ್ಳಾಡಿ ನಕ್ಕ. ಅಜ್ಜ ಮಾತ್ರ, "ಆತೇನು?" ಅಂತ ಕೇಳಿ, ಅಭ್ಯಾಸದಂಗ ಎತ್ತಿಗೆ ಹಿಂಡಿ ಇಡಾಕ ಎದ್ದ. ಬಾಗಲತನಕ ಹೋದ. ಅಲ್ಲೇ ನಿಂತು, ತಿರುಗಿ ಬಂದು ಕುಂತ.

ಅದಾಗಿ ಹದಿನೈದ ದಿನಕ್ಕ ಮಣ್ಣೆತ್ತಿನ ಅಮಾಸಿ. ನಡುವ ಮಳಿ ಜಡದು ಹೊಡೀತು. ನಮ್ಮ ಟ್ರ್ಯಾಕ್ಟರ್ ಎರಿ ಹೊಲದ ಬದುವಿನ ಬಾಜೂ ತಿರುಗಾಕ ಹೋಗಿ ಗಾಲಿ ಹುಗದು, ಮೂರ ದಿನದಿಂದ ಅಲ್ಲೇ ಕುಂತಿತ್ತು. ಬಿತ್ತೂ ಹದ ಹೋಗಾಕತ್ತಿತ್ತು. ಬಾಡಿಗಿಗೆ ಎತ್ತು ಕೇಳಿದ್ರ ಎಲ್ಲಾರ ಎತ್ತೂ ಅವರವರ ಕೂರಿಗಿಗೆ ಕಟ್ಟಿದ್ವು. ಅವ್ವ ಜಗಲಿಮ್ಯಾಲ ಮಣ್ಣಿನ ಜೋಡೆತ್ತು ಇಟ್ಟು ಪೂಜಿ ಮಾಡಿದ್ಲು. ಅಜ್ಜ ಅವುಗಳ ಬಾಜೂಕ ಏಳನೇ ನಂಬರಿನ ಜೋಡಿ ಇಟ್ಟು, ಅವಕ್ಕೂ ಕುಂಕುಮ ಹಚ್ಚಿ, ಕಡಬಿನ ಎಡಿ ಹಿಡದ. ಅವ್ವ ನಾಕಕ್ಕೂ ಕೂಡೇ ಆರತಿ ಬೆಳಗಿದ್ಲು.

ಅಷ್ಟರಾಗ ಮೊಣಕಾಲತನಕ ಕೆಸರು ಮೆತ್ತಿಕೊಂಡು ಅಪ್ಪ ಬಂದ. ಜಗಲಿ ನೋಡಿದ, ಅಜ್ಜನ್ನ ನೋಡಿದ. ಕಾಲ ತೊಳಕೊಂಡು ಬಂದು ಕೆಳಗ ಕುಂತು, ನೆಲದ ಕಡೆ ನೋಡಿಕೋತ, "ಯಪ್ಪಾ, ನಾಳೆ ದನದ ಸಂತಿಗೆ ಬರತೀಯೇನು? ಒಂದ ಜೋಡಿ ಬೇಕಾಗೈತಿ" ಅಂದ.

ಅಜ್ಜ ಅವಸರ ಮಾಡಲಿಲ್ಲ. ಬಾಯಾಗಿನ ಕಡಬು ನುಂಗಿದ. "ನನ್ನ ಕಣ್ಣ ಹೋಗ್ಯಾವೋ. ಇಕೀನ್ನ ಕರಕೊಂಡ ಹೋಗ."

"ಇಕೀನ್ನ? ಎತ್ತಿನ ಸಂತ್ಯಾಗ ಹೆಣ್ಣ ಹುಡುಗಿನ್ನ ಕರಕೊಂಡ ಹೋಗ್ಲೇನು? ಇಕಿಗೇನ ತಿಳೀತೈತಿ?"

"ಇಕಿ ಒಂದ ಸಲ ತಪ್ಪ್ಯಾಳ. ಇನ್ನ ತಪ್ಪಂಗಿಲ್ಲ."

"ಇಕಿ ಯಾವಾಗ ತಪ್ಪಿದ್ಲು?" ಅಂತ ಅಪ್ಪ ನನ್ನ ಕಡೆ ನೋಡಿದ. ಅಜ್ಜ ಹೆಗಲ ಮ್ಯಾಲಿನ ಟವೆಲ್ ತಗದು ನನ್ನ ಮಡಿಲಾಗ ಒಗದು, ಇನ್ನೊಂದ ಕಡಬು ತಗೊಂಡ.

ಮರುದಿನ ಸಂತ್ಯಾಗ ಗಂಡಸರೆಲ್ಲಾ ನನ್ನ ನೋಡಿದ ನೋಟಕ್ಕ ಭೂಮಿಯೊಳಗ ಹೋಗಬೇಕು ಅನಿಸ್ತು. ಅಪ್ಪ ನಾಕ ಹೆಜ್ಜಿ ದೂರ ನಿಂತಿದ್ದ, ನನ್ನ ಗುರುತ ಇಲ್ಲದಾವರಂಗ. ಒಬ್ಬ ದಲಾಲ ನಕ್ಕೋತ ಎರಡು ಎತ್ತಿನ ಹಗ್ಗ ಹಿಡದು, "ನೋಡ ತಂಗೀ, ರಾಜಾನ ನಡಿಗಿ" ಅಂತ ಮುಂದಕ್ಕ ಹೊಡಿಯಾಕ ಹೋದ. ನಾ ಅಜ್ಜನ ಟವೆಲ್ ಹೆಗಲ ಮ್ಯಾಲ ಹಾಕ್ಕೊಂಡೆ.

"ನೆಟ್ಟಗ ನಡಿಸಬ್ಯಾಡ್ರಿ" ಅಂದೆ. "ತಿರುಗಿಸಿ ತೋರಸ್ರಿ."